ಎಸೆಗೋಲು ಆಮೇಲೆ, ಈಟಿ ಮೊದಲು: ಬಿದಿರು ಕಡಿಯುವಲ್ಲಿಂದ ಗುರಿ ಮುಟ್ಟುವವರೆಗೆ

ಎಸೆಗೋಲು ಮಾಡಿ ನೋಡಿದ ಉಡುಪಿ, ಮಂಗಳೂರು ಕಡೆಯ ಓದುಗರಲ್ಲಿ ಹೆಚ್ಚಿನವರದ್ದು ಒಂದೇ ದೂರು. ಕೋಲು ಚಂದ ಬಂದಿದೆ, ಆದರೆ ಈಟಿ ಗಾಳಿಯಲ್ಲಿ ಒದ್ದಾಡಿ ಅಡ್ಡ ಬೀಳುತ್ತದೆ. ಕಾರಣವೂ ಹೆಚ್ಚುಕಡಿಮೆ ಒಂದೇ. ಕೋಲಿಗೆ ವಾರಗಟ್ಟಲೆ ಕೆತ್ತನೆ, ಪಾಲಿಶ್ ಎಲ್ಲ ಆಗಿರುತ್ತದೆ. ಈಟಿಗೆ ಮಾತ್ರ ಕೈಗೆ ಸಿಕ್ಕಿದ ಯಾವುದೋ ಗಳು. ಇದು ತಿರುವುಮುರುವು ಆಗಬೇಕು. ಒರಟು ಕೋಲಿನಿಂದಲೂ ಒಳ್ಳೆಯ ಈಟಿ ನೆಟ್ಟಗೆ ಹೋಗುತ್ತದೆ. ಕೆಟ್ಟ ಈಟಿಯನ್ನು ಯಾವ ಕೋಲೂ ಸರಿ ಮಾಡುವುದಿಲ್ಲ.

ಹೊಸಬರಿಗೆ ಒಂದು ಮಾತು. ಎಸೆಗೋಲು ಅಂದರೆ ಎರಡಡಿ ಒಳಗಿನ ಒಂದು ಕೋಲು, ಹೊರದೇಶಗಳಲ್ಲಿ ಅಟ್ಲಾಟ್ಲ್ ಅನ್ನುತ್ತಾರೆ. ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಸಣ್ಣ ಕೊಕ್ಕೆ. ಆರಡಿಯ ಸಪುರ ಈಟಿಯ ಹಿಂತುದಿಯಲ್ಲಿರುವ ಗುಳಿ ಆ ಕೊಕ್ಕೆಯ ಮೇಲೆ ಕೂರುತ್ತದೆ. ಎಸೆಯುವಾಗ ಕೋಲು ನಿಮ್ಮ ತೋಳಿಗೆ ಇನ್ನೊಂದು ಗಿಣ್ಣು ಸೇರಿಸುತ್ತದೆ, ಹಾಗಾಗಿ ಬರಿಗೈಗಿಂತ ಎಷ್ಟೋ ಜೋರಾಗಿ ಈಟಿ ಹೋಗುತ್ತದೆ.

ಇದು ಗುರಿ ಆಟಕ್ಕೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಗದ್ದೆಗೆ ಬರುವ ನವಿಲು, ತೋಟಕ್ಕೆ ಬರುವ ಮಂಗ ಯಾವುದರ ಕಡೆಗೂ ಇದನ್ನು ಎತ್ತಬೇಡಿ. ಊರ ನಾಯಿ, ದನದ ಕಡೆಗಂತೂ ಬೇಡವೇ ಬೇಡ.

ಬೇಕಾಗುವ ಸಾಮಾನು

ಕತ್ತಿ, ಸಣ್ಣ ಹಲ್ಲಿನ ಗರಗಸ, ಹರಿತವಾದ ಚಾಕು, ಒಂದು ಅರ, ಎರಡು ಮೂರು ನಂಬರಿನ ಪಾಲಿಶ್ ಪೇಪರ್, ಅಳತೆ ಟೇಪು ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಅಂಟಿಗೆ ಎರಡು ಟ್ಯೂಬಿನ ಆರಾಲ್ಡೈಟ್ ಒಳ್ಳೆಯದು. ಈಟಿಗೆ ಸುತ್ತಲು, ಬಲೆ ಹೆಣೆಯುವ ಸಪುರ ನೈಲಾನ್ ದಾರಕ್ಕಿಂತ ಉತ್ತಮವಾದದ್ದು ಇಲ್ಲ. ಮಲ್ಪೆ ಬಂದರಿನ ಹತ್ತಿರ, ಮಂಗಳೂರಿನ ಧಕ್ಕೆಯ ಹತ್ತಿರ ಬಲೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ.

ಹೆಚ್ಚಿನವರು ಬಿಟ್ಟುಬಿಡುವ ಸಾಮಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಐದು ಕಿಲೋ ತೂಗುವಂಥದ್ದು ಸಾಕು. ಅದಿಲ್ಲದೆ ಮೂರನೇ ಹಂತ ಆಗುವುದಿಲ್ಲ, ಮೂರನೇ ಹಂತ ಇಲ್ಲದೆ ಉಳಿದದ್ದೆಲ್ಲ ಸುಮ್ನೆ. ಕಣ್ಣಿಗೆ ದಪ್ಪ ಕನ್ನಡಕವೂ ಇರಲಿ. ಬಿದಿರು ಸಿಡಿಯುವ ವಸ್ತು.

1. ಬಿದಿರು ಆರಿಸುವುದು, ಒಣಗಿಸುವುದು

ಎರಡು ದಾರಿ ಇದೆ. ಒಂದು, ಬೇಲಿಗೆ ನೆಡುವ ಸಪುರ ಬಿದಿರು ಅಥವಾ ವಾಟೆ ಬಿದಿರಿನ ಸಪುರ ಗಳು. ಬುಡದ ಕಡೆ ಸುಮಾರು 12 ಮಿ.ಮೀ., ತುದಿಯ ಕಡೆ 9 ಮಿ.ಮೀ. ದಪ್ಪ ಇರಬೇಕು. ಎರಡು, ಹೆಬ್ಬಿದಿರನ್ನು ಸೀಳಿ, ಕೆತ್ತಿ, ಉರುಟು ಮಾಡುವುದು. ಆಗ 10.5ರಿಂದ 11.5 ಮಿ.ಮೀ. ದಪ್ಪ ಸಾಕು. ಮೊದಲನೆಯದು ಸುಲಭ. ಎರಡನೆಯದಕ್ಕೆ ತಾಳ್ಮೆ ಬೇಕು, ಆದರೆ ಒಂದೇ ತರದ ನಾಲ್ಕೈದು ಈಟಿ ಬೇಕಾದರೆ ಅದೇ ಒಳ್ಳೆಯ ದಾರಿ.

ಸ್ವಂತ ಜಾಗದ್ದನ್ನು ಅಥವಾ ಕೇಳಿ ಪಡೆದದ್ದನ್ನು ಮಾತ್ರ ಕಡಿಯಿರಿ, ಕಾಡಿನದ್ದನ್ನು ಮುಟ್ಟಬೇಡಿ. ಈ ವರ್ಷದ ಮೊಳಕೆ ಬೇಡ. ಕವಚ ಉದುರಿ, ಮೈ ಗಟ್ಟಿಯಾಗಿ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸ್ಪಷ್ಟ ಸದ್ದು ಬರುವ ಎರಡು ಮೂರು ವರ್ಷದ ಬಿದಿರು ಆರಿಸಿ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ ಕಡಿಯುವುದು ಉತ್ತಮ. ಮಳೆಗಾಲದಲ್ಲಿ ಕಡಿದರೆ ಒಣಗುವ ಮೊದಲೇ ಬೂಸ್ಟು ಬರುತ್ತದೆ.

ಏಳು ಅಡಿ ಉದ್ದಕ್ಕೆ ಕಡಿದು, ಎರಡು ಮೂರು ವಾರ ತೋಡಿನ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಡಿ. ಬಿದಿರಿನೊಳಗಿನ ಪಿಷ್ಟ ನೀರಿಗೆ ಬಿಡುತ್ತದೆ. ಆ ಪಿಷ್ಟಕ್ಕೇ ಕುಟ್ಟೆ ಹುಳ ಬರುವುದು. ಆಮೇಲೆ ನೆರಳಿನಲ್ಲಿ ಅಡ್ಡಲಾಗಿ ಮಲಗಿಸಿ ಒಂದು ತಿಂಗಳು ಒಣಗಿಸಿ. ಅಂಗಳದ ಬಿಸಿಲಿಗೆ ಹಾಕಿದರೆ ಉದ್ದಕ್ಕೆ ಸೀಳುತ್ತದೆ.

ಕೆಲವರು ಅಡಕೆ ಮರದ ಸಲಾಕೆಯಿಂದ ಈಟಿ ಮಾಡಲು ಹೋಗುತ್ತಾರೆ. ಬೇಡ. ಅದರ ನಾರು ಸೂಜಿಯ ಹಾಗೆ ಎದ್ದು ಕೈಗೆ ಹೊಕ್ಕುತ್ತದೆ, ಒಳಗೆ ಮುರಿದು ಕೂರುತ್ತದೆ.

2. ನೆಟ್ಟಗೆ ಮಾಡುವುದು

ಒಣಗಿದ ಬಿದಿರನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಗಂಟುಗಳ ಹತ್ತಿರ ಡೊಂಕು ಕಾಣುತ್ತದೆ. ಕೆಂಡದ ಮೇಲೆ ಅಥವಾ ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ಆ ಜಾಗವನ್ನು ಮಾತ್ರ ಬಿಸಿ ಮಾಡಿ. ಕೈ ನಿಲ್ಲಿಸದೆ ತಿರುಗಿಸುತ್ತಾ ಇರಬೇಕು. ಮೈ ಬೆವರಿದ ಹಾಗೆ ಹೊಳಪು ಬಂದಾಗ ಮೊಣಕಾಲಿಗೆ ಒತ್ತಿ, ನೇರಕ್ಕಿಂತ ಒಂದು ಚೂರು ಆಚೆಗೆ ಬಗ್ಗಿಸಿ ಹಿಡಿಯಿರಿ. ತಣಿಯುವವರೆಗೆ ಬಿಡಬೇಡಿ. ಒದ್ದೆ ಬಟ್ಟೆ ಒತ್ತಿದರೆ ಬೇಗ ತಣಿಯುತ್ತದೆ.

ಬಣ್ಣ ಕಂದು ತಿರುಗಿದರೆ ಬಿಸಿ ಜಾಸ್ತಿ ಆಯಿತು ಎಂದು ಅರ್ಥ. ಆ ಜಾಗ ಮುಂದೆ ಮುರಿಯುತ್ತದೆ. ಇನ್ನೊಂದು ಎಚ್ಚರಿಕೆ: ಬಿದಿರು ಪೂರ್ತಿ ಒಣಗಿರದಿದ್ದರೆ ಎರಡು ಗಂಟುಗಳ ನಡುವೆ ಸಿಕ್ಕಿಬಿದ್ದ ಆವಿ ಪಟಾಕಿ ಸದ್ದಿನೊಂದಿಗೆ ಸಿಡಿಯುತ್ತದೆ. ಮುಖ ಹತ್ತಿರ ತರಬೇಡಿ, ಕನ್ನಡಕ ತೆಗೆಯಬೇಡಿ.

ಗರಿ ಕಟ್ಟಿದ ಮೇಲೆ ನೆಟ್ಟಗೆ ಮಾಡುತ್ತೇನೆ ಅಂದುಕೊಳ್ಳುವವರು ಗರಿಯನ್ನೂ ಸುಟ್ಟು, ಅಂಟನ್ನೂ ಹಾಳುಮಾಡಿಕೊಳ್ಳುತ್ತಾರೆ. ಬೆಂಕಿಯ ಕೆಲಸ ಇಲ್ಲೇ ಮುಗಿಯಬೇಕು.

3. ಬಾಗು ಪರೀಕ್ಷೆ

ಇಡೀ ಕೆಲಸದ ಜೀವ ಇಲ್ಲಿದೆ.

ನೀವು ಕೈ ಬೀಸುವಾಗ ಕೊಕ್ಕೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಕಮಾನು ಬರೆದ ಹಾಗೆ ಮೇಲೇರಿ ಮುಂದೆ ಇಳಿಯುತ್ತದೆ. ಈಟಿಯ ಹಿಂತುದಿ ಅದರ ಜೊತೆಗೇ ಏರಬೇಕು, ಮುಂತುದಿ ಗುರಿಯ ಕಡೆಗೇ ಇರಬೇಕು. ಎರಡೂ ಒಟ್ಟಿಗೆ ಆಗಬೇಕಾದರೆ ನಡುಭಾಗ ಬಾಗಲೇಬೇಕು. ಗಡಸು ಈಟಿ ಬಾಗುವುದಿಲ್ಲ, ಹಾಗಾಗಿ ಕೊಕ್ಕೆ ಏರಿದಂತೆ ಮುಂತುದಿ ಕೆಳಗೆ ತಿರುಗುತ್ತದೆ ಅಥವಾ ಈಟಿ ಕೊಕ್ಕೆಯಿಂದ ಬೇಗ ಜಾರುತ್ತದೆ. ತೀರಾ ಮೆತ್ತಗಿದ್ದರೆ ನಿಮ್ಮ ಬಲವೆಲ್ಲ ಬಾಗುವುದರಲ್ಲೇ ಮುಗಿಯುತ್ತದೆ, ಕೆಲವೊಮ್ಮೆ ಈಟಿ ಕೈಯಲ್ಲೇ ಮುರಿಯುತ್ತದೆ.

ಪರೀಕ್ಷೆ ಹೀಗೆ. ಈಟಿಯನ್ನು 180 ಸೆಂ.ಮೀ.ಗೆ ಕತ್ತರಿಸಿ. ಬುಡದ ದಪ್ಪ ತುದಿ ಮುಂದೆ ಬರಬೇಕು, ಸಪುರ ತುದಿ ಹಿಂದೆ. ತಕ್ಕಡಿಯನ್ನು ನೆಲದಲ್ಲಿಟ್ಟು, ಅದರ ಮೇಲೆ ಮರದ ತುಂಡು ಇಟ್ಟು, ಈಟಿಯನ್ನು ನೆಟ್ಟಗೆ ನಿಲ್ಲಿಸಿ. ಮೇಲಿನ ತುದಿಯನ್ನು ಅಂಗೈಯಿಂದ ನಿಧಾನವಾಗಿ ಕೆಳಕ್ಕೆ ಒತ್ತಿ. ತಕ್ಕಡಿಯ ಅಂಕಿ ಏರುತ್ತಾ ಹೋಗಿ, ಈಟಿ ನಡುವಿನಲ್ಲಿ ಬಾಗತೊಡಗಿದ ಕೂಡಲೇ ನಿಲ್ಲುತ್ತದೆ. ಇನ್ನೂ ಒತ್ತಿದರೂ ಬಾಗು ಹೆಚ್ಚುತ್ತದೆ, ಅಂಕಿ ಅಷ್ಟಾಗಿ ಹೆಚ್ಚುವುದಿಲ್ಲ. ಆ ನಿಂತ ಅಂಕಿಯೇ ಈಟಿಯ ಗಡಸುತನ. ಈಟಿಯ ಮೈಮೇಲೆ ಪೆನ್ಸಿಲಿನಿಂದ ಬರೆದಿಡಿ.

ಕಲಿಯುವವರಿಗೆ ಎರಡೂವರೆಯಿಂದ ನಾಲ್ಕು ಕಿಲೋ ಒಳಗೆ ಇರಲಿ. ಮೂರರ ಆಸುಪಾಸು ಬಂದರೆ ತುಂಬಾ ಒಳ್ಳೆಯದು. ಐದು ದಾಟಿದರೆ ಅದು ಕಾಯಿ ಕೊಯ್ಯುವ ದೋಟಿಗೆ ಆದೀತು, ಈಟಿಗೆ ಆಗದು.

ಮೆತ್ತಗಿದ್ದರೆ ಹಿಂದಿನಿಂದ ಕತ್ತರಿಸಿ ಉದ್ದ ಕಡಿಮೆ ಮಾಡಿ. 180ರಿಂದ 170 ಸೆಂ.ಮೀ.ಗೆ ಇಳಿಸಿದರೆ ಗಡಸುತನ ಸುಮಾರು ನೂರಕ್ಕೆ ಹನ್ನೆರಡರಷ್ಟು ಏರುತ್ತದೆ. ಗಡಸಿದ್ದರೆ, ಸೀಳಿ ಮಾಡಿದ ಈಟಿಯಲ್ಲಿ ಒಳಮೈಯನ್ನು ಹೆರೆದು ಸಪುರ ಮಾಡಿ. ದಪ್ಪ ನೂರಕ್ಕೆ ಐದರಷ್ಟು ಕಡಿಮೆ ಆದರೆ ಗಡಸುತನ ಐದನೇ ಒಂದು ಭಾಗದಷ್ಟು ಇಳಿಯುತ್ತದೆ. ಹಾಗಾಗಿ ನಾಲ್ಕು ಸಲ ಉಜ್ಜಿ, ಒಂದು ಸಲ ತೂಗಿ. ಇಡೀ ಬಿದಿರಿನ ಈಟಿಯ ಹೊರಮೈ ಮಾತ್ರ ಕೆತ್ತಬೇಡಿ. ಬಿದಿರಿನ ಬಲವೆಲ್ಲ ಆ ಹೊರ ಸಿಪ್ಪೆಯಲ್ಲಿದೆ. ಅಂಥದ್ದು ಗಡಸಾದರೆ ಬೇರೆ ಗಳು ಹುಡುಕುವುದೇ ಸರಿ.

ಕನಿಷ್ಠ ಮೂರು ಈಟಿ ಮಾಡಿ. ಗಡಸುತನ, ತೂಕ ಮೂರಕ್ಕೂ ಹತ್ತಿರ ಇರಲಿ. ಮುಗಿದ ಮೇಲೆ ತೂಕದ ವ್ಯತ್ಯಾಸ ಹತ್ತು ಗ್ರಾಂ ಒಳಗೆ ಇದ್ದರೆ ಸಾಕು. ಒಂದೊಂದು ಒಂದೊಂದು ತರ ಇದ್ದರೆ ತಪ್ಪು ಕೈಯದ್ದೋ ಈಟಿಯದ್ದೋ ಎಂದು ಯಾವತ್ತೂ ಗೊತ್ತಾಗುವುದಿಲ್ಲ.

4. ಹಿಂತುದಿಯ ಗುಳಿ

ಗಂಟಿನಿಂದ 6–8 ಮಿ.ಮೀ. ಹಿಂದಕ್ಕೆ ಕತ್ತರಿಸಿದರೆ ಅರ್ಧ ಕೆಲಸ ಬಿದಿರೇ ಮಾಡಿಕೊಡುತ್ತದೆ. ಟೊಳ್ಳಿನ ಭಾಗವೇ ಗುಳಿ, ಗಂಟಿನ ಒಳಗೋಡೆಯೇ ಅದರ ತಳ. ಅಂಚನ್ನು ಅರದಿಂದ ಉರುಟು ಮಾಡಿ. ಸೀಳಿ ಮಾಡಿದ ಗಟ್ಟಿ ಈಟಿಗಾದರೆ ಚಾಕುವಿನ ಮೊನೆ ತಿರುಗಿಸಿ 4–5 ಮಿ.ಮೀ. ಆಳದ, ಬಾಯಿ ಅಗಲವಾದ ಗುಳಿ ತೋಡಿ. ಎರಡಕ್ಕೂ ಗುಳಿ ಇರುವ ತುದಿಗೆ ಎರಡು ಬೆರಳು ಅಗಲ ದಾರ ಬಿಗಿದು ಸುತ್ತಿ, ಮೇಲೆ ಆರಾಲ್ಡೈಟ್ ಸವರಿ. ಸುತ್ತದಿದ್ದರೆ ಮೊದಲ ದಿನವೇ ಸೀಳುತ್ತದೆ.

ಗುಳಿ ಆಳವಾದಷ್ಟು ಈಟಿ ಭದ್ರ ಎಂಬ ಅನಿಸಿಕೆ ತಪ್ಪು. ಆಳವಾದರೆ ಕೊಕ್ಕೆ ಬಿಡುವುದಿಲ್ಲ, ಈಟಿ ನಿಮ್ಮ ಪಾದದ ಮುಂದೆಯೇ ನೆಲಕ್ಕೆ ಹೊಡೆಯುತ್ತದೆ.

5. ಮುಂತುದಿ ಮತ್ತು ತೂಕದ ಸಮತೋಲ

ಕಲಿಯುವ ಮೊದಲ ದಿನಗಳಿಗೆ ಲೋಹದ ಮೊನೆ ಬೇಡ. ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಮುಂತುದಿಗೆ ದಾರ ಸುತ್ತಿ ದಪ್ಪ ಮಾಡಿ, ಅದನ್ನು ಬಿಗಿಯಾಗಿ ಕೂರಿಸಿ. ಕೈ ಕುದುರಿದ ಮೇಲೆ 6 ಎಂಎಂ ಬೋಲ್ಟಿನ ತಲೆ ಕತ್ತರಿಸಿ, ತುದಿಯನ್ನು ಅರದಿಂದ ಮೊಂಡಾದ ಮೊನೆ ಮಾಡಿ, ಬಿದಿರಿನ ಟೊಳ್ಳಿಗೆ ಆರಾಲ್ಡೈಟ್ ಹಾಕಿ ಇಳಿಸಿ. ಹೊರಗಿನಿಂದ ಮೂರು ಬೆರಳು ಅಗಲ ದಾರ ಸುತ್ತಿ. ಅಲಗಿನಂಥ ಹರಿತ ಮೊನೆ ಗುರಿ ಆಟಕ್ಕೆ ಬೇಡವೇ ಬೇಡ.

ಈಗ ಈಟಿಯನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿ. 180 ಸೆಂ.ಮೀ. ಈಟಿಯಾದರೆ ನಟ್ಟನಡುವಿಗಿಂತ 15–20 ಸೆಂ.ಮೀ. ಮುಂದೆ ಅದು ಸಮತೋಲ ನಿಲ್ಲಬೇಕು. ನಡುವಿನಲ್ಲೇ ನಿಂತರೆ ಮುಂದಿನ ತೂಕ ಸಾಲದು, ಹಾರುವಾಗ ಹಿಂತುದಿ ಮುಂದಕ್ಕೆ ಬರಲು ನೋಡುತ್ತದೆ. ಮೊನೆಯ ಹಿಂದೆ ದಾರದ ಸುತ್ತು ಹೆಚ್ಚಿಸಿ ಅಥವಾ ಉದ್ದದ ಬೋಲ್ಟ್ ಹಾಕಿ. ಒಟ್ಟು ತೂಕ 120ರಿಂದ 160 ಗ್ರಾಂ ಇರಲಿ. ಮುಂದೆ ತೂಕ ಹೆಚ್ಚಿಸಿದರೆ ಎಸೆಯುವಾಗ ಈಟಿ ಇನ್ನೂ ಮೆತ್ತಗಿದ್ದಂತೆ ವರ್ತಿಸುತ್ತದೆ, ನೆನಪಿರಲಿ. ಮೂರನೇ ಹಂತದಲ್ಲಿ ಮೂರೂವರೆ ಕಿಲೋ ಬಂದ ಈಟಿ ಸ್ವಲ್ಪ ಹೆಚ್ಚು ತೂಕ ತಾಳುತ್ತದೆ, ಎರಡೂವರೆಯದ್ದು ತಾಳುವುದಿಲ್ಲ.

6. ಗರಿ

ಕೋಳಿ ಅಂಗಡಿಯಲ್ಲಿ ಹುಂಜದ ದೊಡ್ಡ ರೆಕ್ಕೆ ಗರಿ ಕೇಳಿ ತನ್ನಿ, ತೊಳೆದು ಒಣಗಿಸಿ. ಒಂದು ಈಟಿಗೆ ಮೂರು ಬೇಕು, ಮೂರೂ ಒಂದೇ ಬದಿಯ ರೆಕ್ಕೆಯವು. ನಡುವಿನ ದಂಟನ್ನು ಉದ್ದಕ್ಕೆ ಸೀಳಿ, 12–15 ಸೆಂ.ಮೀ. ಉದ್ದ, ಒಂದು ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಹಿಂತುದಿಯಿಂದ ನಾಲ್ಕು ಬೆರಳು ಬಿಟ್ಟು ಸಮ ಅಂತರದಲ್ಲಿ ಅಂಟಿಸಿ, ಎರಡೂ ಕೊನೆಗೆ ದಾರ ಸುತ್ತಿ. ಗರಿ ಸಿಗದಿದ್ದರೆ ಹಳೆ ಪ್ಲಾಸ್ಟಿಕ್ ಫೈಲಿನ ಹೊದಿಕೆ ಕತ್ತರಿಸಿ ಹಾಕಿ. ನಮ್ಮ ಹವೆಗೆ ಅದೇ ಹೆಚ್ಚು ಬಾಳುತ್ತದೆ.

ಗರಿ ದೊಡ್ಡದಾದಷ್ಟು ಈಟಿ ಬೇಗ ನೆಟ್ಟಗಾಗುತ್ತದೆ, ಆದರೆ ವೇಗ ತಿನ್ನುತ್ತದೆ. ಕೆಟ್ಟ ಈಟಿಗೆ ದೊಡ್ಡ ಗರಿ ಕಟ್ಟಿ ಸರಿ ಮಾಡಲು ಹೋಗಬೇಡಿ.

7. ಎಸೆಗೋಲು

ಈಗ ಕೋಲಿನ ಸರದಿ. ಪೇರಳೆ ಮರದ ಕವಲು ಇದಕ್ಕೆ ಹೇಳಿ ಮಾಡಿಸಿದ್ದು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಕೊಂಬೆ, ಅದರಿಂದ ಓರೆಯಾಗಿ ಹೊರಟ ಒಂದು ಸಣ್ಣ ಕವಲು ಇರುವಂಥದ್ದನ್ನು ಹುಡುಕಿ. ಆ ಕವಲನ್ನೇ ಮೋಟು ಮಾಡಿದರೆ ಕೊಕ್ಕೆ. ಮರದ ನಾರು ಕೊಂಬೆಯಿಂದ ಕವಲಿಗೆ ಹರಿದಿರುವುದರಿಂದ ಅಂಟಿಸಿದ ಕೊಕ್ಕೆಗಿಂತ ಎಷ್ಟೋ ಗಟ್ಟಿ. ಕವಲಿನ ಮೊನೆ ಹಿಡಿಯ ಕಡೆಗೆ ಮುಖ ಮಾಡಿರಬೇಕು.

ಉದ್ದ 50–60 ಸೆಂ.ಮೀ., ಅಂದರೆ ನಿಮ್ಮ ಮೊಳಕ್ಕಿಂತ ನಾಲ್ಕರಿಂದ ಎಂಟು ಬೆರಳು ಜಾಸ್ತಿ. ಕೊಕ್ಕೆ ಮೈಯಿಂದ ಒಂದು ಸೆಂ.ಮೀ. ಎತ್ತರ ಸಾಕು, ಮೊನೆ ಉರುಟಾಗಿರಲಿ. ಹಿಡಿಯ ಕಡೆ ಸೈಕಲ್ ಟ್ಯೂಬ್ ಅಥವಾ ಹತ್ತಿ ಬಟ್ಟೆ ಸುತ್ತಿ. ಬೆವರಿದ ಕೈಯಿಂದ ಕೋಲೇ ಹಾರಿಹೋಗದಂತೆ ಮಣಿಕಟ್ಟಿಗೆ ಒಂದು ದಾರದ ಕುಣಿಕೆ ಹಾಕಿ.

ಕೂರಿಸಿ ನೋಡುವ ಪರೀಕ್ಷೆ ಸುಲಭ. ಈಟಿಯನ್ನು ಕೊಕ್ಕೆಗೆ ಕೂರಿಸಿ, ಕೋಲನ್ನು ಮುಂದಕ್ಕೆ ಬಾಗಿಸಿ. ಈಟಿ ತನ್ನ ತೂಕಕ್ಕೇ ಜಾರಿ ಬೀಳಬೇಕು. ಅಂಟಿಕೊಂಡರೆ ಕೊಕ್ಕೆಯ ಮೊನೆ ಸಪುರ ಮಾಡಿ.

ಕೋಲಿಗೂ ಈಟಿಗೂ ಲಿನ್ಸೀಡ್ ಎಣ್ಣೆ ಸವರಿ, ಒರೆಸಿ, ಒಣಗಿಸಿ. ತೆಂಗಿನೆಣ್ಣೆ ಹಚ್ಚಬೇಡಿ, ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಕುಟ್ಟೆ ಹಿಡಿಯದಿರಲಿ ಎಂದು ಗೇರೆಣ್ಣೆ ಹಚ್ಚುವವರಿದ್ದಾರೆ. ಕೈಗೆ ತಾಗುವ ವಸ್ತುವಿಗೆ ಅದು ಬೇಡ, ಚರ್ಮ ಸುಟ್ಟು ಬೊಕ್ಕೆ ಬರುತ್ತದೆ.

8. ಜಾಗ ಮತ್ತು ಗುರಿ

ಪಣಂಬೂರು, ಮಲ್ಪೆ, ಕಾಪು ಕಡಲ ತೀರಗಳು ಇದಕ್ಕೆ ಜಾಗವಲ್ಲ. ಎಷ್ಟೇ ಬೆಳಿಗ್ಗೆ ಹೋದರೂ ಜನ ಇರುತ್ತಾರೆ. ಕೊಯ್ಲು ಮುಗಿದ ಗದ್ದೆ ಒಳ್ಳೆಯದು, ಯಜಮಾನರನ್ನು ಕೇಳಿ ಇಳಿಯಿರಿ. ಕಲಿಯುವವರ ಈಟಿಯೂ ತಪ್ಪಿದರೆ ನಲವತ್ತು ಐವತ್ತು ಮೀಟರ್ ಹೋಗಬಹುದು. ಗುರಿಯ ಹಿಂದೆ ಅರವತ್ತು ಮೀಟರ್ ಖಾಲಿ ಇರಲಿ, ಇಕ್ಕೆಲದಲ್ಲೂ ಯಾರೂ ಇರಬಾರದು. ಗದ್ದೆಯ ಹುಣಿಯಲ್ಲಿ ಜನ ಸದ್ದಿಲ್ಲದೆ ನಡೆದು ಬರುತ್ತಾರೆ, ಪ್ರತಿ ಎಸೆತಕ್ಕೆ ಮೊದಲು ಎರಡೂ ಕಡೆ ನೋಡಿ. ನೋಡುವವರೆಲ್ಲ ನಿಮ್ಮ ಹಿಂದೆ ನಿಲ್ಲಲಿ.

ಗೋಣಿಯಲ್ಲಿ ಬೈಹುಲ್ಲು ಗಿಡಿದು ತುಂಬಿಸಿ, ಎರಡು ಮೂರು ಗೋಣಿ ಪೇರಿಸಿದರೆ ಗುರಿ ಸಿದ್ಧ. ಹಿಂದೆ ಮುರಕಲ್ಲಿನ ಗೋಡೆ ಬೇಡ. ಈಟಿ ಪುಟಿದು ವಾಪಸ್ ಬರುತ್ತದೆ, ಬಿದಿರೂ ಸೀಳುತ್ತದೆ.

9. ಎಸೆಯುವುದು

ಐದಾರು ಮೀಟರ್ ದೂರದಿಂದ ಶುರು ಮಾಡಿ. ಇಷ್ಟು ಹತ್ತಿರವಾ ಅನ್ನಿಸುತ್ತದೆ, ಅಲ್ವಾ? ಹೌದು, ಇಷ್ಟೇ. ಹತ್ತಿರದಲ್ಲಿ ಬಲ ಬೇಕಾಗುವುದಿಲ್ಲ, ಬಲ ಇಲ್ಲದಾಗ ಮಾತ್ರ ಚಲನೆ ಕಲಿಯಲು ಸಾಧ್ಯ.

ಬಲಗೈಯವರು ಎಡಗಾಲು ಮುಂದಿಟ್ಟು ನಿಲ್ಲಿ. ಕಡೆಯ ಮೂರು ಬೆರಳು ಕೋಲಿನ ಹಿಡಿಯನ್ನು ಹಿಡಿಯುತ್ತವೆ. ಹೆಬ್ಬೆರಳು, ತೋರುಬೆರಳು ಈಟಿಯನ್ನು ಹಗುರವಾಗಿ ಚಿವುಟಿ ಹಿಡಿಯುತ್ತವೆ. ಕೈಯನ್ನು ಹಿಂದಕ್ಕೆ ಒಯ್ಯಿರಿ. ಈಟಿ ಕಿವಿಯಿಂದ ಒಂದು ಗೇಣು ದೂರ ಇರಲಿ, ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿರಲಿ.

ಈಗ ಒಂದು ಹೆಜ್ಜೆ ಮುಂದೆ. ಮೊದಲು ಭುಜ ತಿರುಗುತ್ತದೆ, ಆಮೇಲೆ ಮೊಣಕೈ ಮುಂದೆ ಬರುತ್ತದೆ, ಕೊನೆಗೆ ಮಣಿಕಟ್ಟು. ಬೌಂಡರಿಯಿಂದ ಫೀಲ್ಡರ್ ಚೆಂಡನ್ನು ಕೀಪರಿಗೆ ಎಸೆಯುವ ಹಾಗೆ, ಬೌಲರಿನ ನೀಟ ಕೈಯ ಹಾಗಲ್ಲ. ಈಟಿಯನ್ನು ನೀವು ಬಿಡಬೇಕಾಗಿಲ್ಲ. ಮಣಿಕಟ್ಟು ತಿರುಗುವಾಗ ಎರಡು ಬೆರಳ ಚಿವುಟು ತಾನೇ ಸಡಿಲುತ್ತದೆ, ಕೊಕ್ಕೆ ಉಳಿದ ಕೆಲಸ ಮಾಡುತ್ತದೆ. ಕಣ್ಣು ಗುರಿಯಲ್ಲೇ ಇರಲಿ, ಈಟಿಯ ಮೊನೆಯನ್ನು ನೋಡಬೇಡಿ. ಎಸೆದ ಮೇಲೂ ಕೈ ಗುರಿಯ ಕಡೆಗೆ ಮುಂದುವರಿಯಲಿ.

ಐದು ಎಸೆತದಲ್ಲಿ ನಾಲ್ಕು ಗೋಣಿಗೆ ತಾಗಿದರೆ ಎರಡು ಹೆಜ್ಜೆ ಹಿಂದೆ ಹೋಗಿ. ಅದಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಇರಿ. ಅಂತರರಾಷ್ಟ್ರೀಯ ಗುರಿ ಸ್ಪರ್ಧೆಗಳ ದೂರವೇ 15 ಮತ್ತು 20 ಮೀಟರ್, ಹಾಗಾಗಿ ಅವಸರ ಮಾಡಿ ಹಿಂದೆ ಓಡುವ ಅಗತ್ಯ ಇಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಎಸೆತ ಸಾಕು. ಮೊಣಕೈಯ ಒಳಬದಿ ನೋಯತೊಡಗಿದರೆ ಆ ದಿನಕ್ಕೆ ನಿಲ್ಲಿಸಿ.

10. ತಪ್ಪು ಎಲ್ಲಿ ಎಂದು ಗುರುತಿಸುವುದು

ಈಟಿ ಆಕಾಶಕ್ಕೆ ಹೋಗುತ್ತಿದ್ದರೆ ಮಣಿಕಟ್ಟು ಬೇಗ ತಿರುಗಿದೆ. ನೆಲಕ್ಕೆ ಹೊಡೆಯುತ್ತಿದ್ದರೆ ಚಿವುಟು ತಡವಾಗಿ ಸಡಿಲಿದೆ, ಇಲ್ಲವೇ ಗುಳಿ ಬಿಗಿ ಇದೆ. ಮೊದಲು ಗುಳಿ ನೋಡಿ, ಆಮೇಲೆ ಕೈ. ಕೈ ಹಿಂದೆ ಒಯ್ಯುವಾಗಲೇ ಈಟಿ ಕೊಕ್ಕೆಯಿಂದ ಕಳಚಿದರೆ ಎರಡು ಬೆರಳು ಅದನ್ನು ಮುಂದಕ್ಕೆ ಎಳೆಯುತ್ತಿವೆ. ಹಿಂದಕ್ಕೆ ಹಗುರವಾಗಿ ಒತ್ತಿ ಹಿಡಿಯಿರಿ.

ಎಡಕ್ಕೋ ಬಲಕ್ಕೋ ಹೋಗುವುದು ಸಾಮಾನ್ಯವಾಗಿ ಕೈಯ ತಪ್ಪು, ತೋಳು ಮೈಗೆ ಅಡ್ಡ ಬರುತ್ತಿದೆ. ಗುರಿ ಮುಟ್ಟುವವರೆಗೂ ಮೇಲೆ ಕೆಳಗೆ ಬಳುಕುತ್ತಿದ್ದರೆ ಅದು ಹೆಚ್ಚಾಗಿ ಈಟಿಯ ತಪ್ಪು, ಮೂರನೇ ಹಂತಕ್ಕೆ ವಾಪಸ್ ಹೋಗಿ ತೂಗಿ. ಹೊರಟ ಕೂಡಲೇ ಸ್ವಲ್ಪ ಬಳುಕಿ ಆಮೇಲೆ ಸಮ ಆಗುವುದು ಸರಿಯಾದ ಲಕ್ಷಣ, ಅದನ್ನು ತಿದ್ದಲು ಹೋಗಬೇಡಿ. ಮೂರು ಈಟಿಯಲ್ಲಿ ಒಂದು ಮಾತ್ರ ಪ್ರತಿ ಸಲ ಬೇರೆ ಕಡೆ ಹೋದರೆ ಅದನ್ನು ಬದಿಗಿಡಿ.

11. ಬಿರುಕು ನೋಡುವುದು, ಮಳೆಗಾಲದಲ್ಲಿ ಇಡುವುದು

ಪ್ರತಿ ಸಲ ಎತ್ತಿಕೊಳ್ಳುವ ಮೊದಲು ಈಟಿಯನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಾಗಿಸಿ. ಚಿಟಿಚಿಟಿ ಸದ್ದು ಬಂದರೆ ಒಳಗೆ ಬಿರುಕು ಇದೆ. ಉದ್ದಕ್ಕೆ ಹತ್ತಿ ಉಂಡೆ ಎಳೆಯಿರಿ, ಎಳೆ ಸಿಕ್ಕಿಕೊಂಡ ಜಾಗದಲ್ಲಿ ನಾರು ಎದ್ದಿದೆ. ಅಂಥ ಈಟಿಗೆ ದಾರ ಸುತ್ತಿ ಮತ್ತೆ ಎಸೆಯಬೇಡಿ. ಅದು ಮುರಿಯುವುದು ಬಲ ಬಿದ್ದಾಗ, ಅಂದರೆ ನಿಮ್ಮ ಕೈಯ ಪಕ್ಕದಲ್ಲೇ. ಮುರಿದ ಬಿದಿರು ಚೂರಿಯ ಕೆಲಸ ಮಾಡುತ್ತದೆ.

ಜೂನ್ ಬಂತೆಂದರೆ ಈಟಿಯನ್ನು ಗೋಡೆಗೆ ಒರಗಿಸಿ ಇಡಬೇಡಿ, ಬಾಗಿಯೇ ನಿಲ್ಲುತ್ತದೆ. ಮೂರು ಗೂಟದ ಮೇಲೆ ಅಡ್ಡ ಮಲಗಿಸಿ. ಬಚ್ಚಲ ಒಲೆ ಉರಿಸುವ ಮನೆಯಾದರೆ ಹೊಗೆ ತಾಗುವ ಎತ್ತರದಲ್ಲಿಡಿ, ಕುಟ್ಟೆಯೂ ಬೂಸ್ಟೂ ದೂರ. ಈಟಿಯ ಕೆಳಗೆ ನೆಲದಲ್ಲಿ ಹಳದಿ ಹುಡಿ ಕಂಡರೆ ಕುಟ್ಟೆ ಹಿಡಿದಿದೆ, ಆ ಒಂದನ್ನು ಬೇರೆ ಮಾಡಿ ಸುಟ್ಟುಬಿಡಿ. ಸುಡುವ ಮುಂಚೆ ಮುಂತುದಿ ಕತ್ತರಿಸಿಕೊಳ್ಳಿ. ಬೋಲ್ಟನ್ನು ಕೆಂಡದಲ್ಲಿ ಸ್ವಲ್ಪ ಬಿಸಿ ಮಾಡಿದರೆ ಅಂಟು ಬಿಡುತ್ತದೆ, ಇಕ್ಕಳದಿಂದ ಎಳೆದು ಮುಂದಿನ ಈಟಿಗೆ ಹಾಕಬಹುದು. ಅಂಟು ಸುಡುವ ಹೊಗೆ ಕೆಟ್ಟದ್ದು, ಅದನ್ನು ಅಂಗಳದಲ್ಲೇ ಮಾಡಿ.